ಫೈಲ್ ಸರ್ವರ್ ಹ್ಯಾಂಗ್ ಆದಾಗ ಮೊದಲು ನೋಡಬೇಕಾದದ್ದು

ಮದುವೆಯ ಹಂಗಾಮಿನಲ್ಲಿ ಮೈಸೂರಿನ ಫೋಟೋ ಆಲ್ಬಂ ಲ್ಯಾಬುಗಳಿಗೆ ಬಿಡುವೆಂಬುದು ಇರುವುದಿಲ್ಲ. ಒಂದೊಂದು ಮದುವೆಯ ನೂರಾರು ಗಿಗಾಬೈಟ್ ಚಿತ್ರ ಮತ್ತು ವಿಡಿಯೋಗಳನ್ನು ಫೈಲ್ ಸರ್ವರಿಗೆ ತುಂಬಿಸುತ್ತಿರುವಾಗ ಕಾಪಿ ಅರ್ಧಕ್ಕೇ ನಿಲ್ಲುವುದು, ಡಿಸೈನರುಗಳ ಕಂಪ್ಯೂಟರುಗಳು ಒಂದರ ಹಿಂದೊಂದು ಸ್ತಬ್ಧವಾಗುವುದು, ಆದರೂ ಸರ್ವರಿನ ಫ್ಯಾನ್ ತಿರುಗುತ್ತಲೇ ಇದ್ದು ನೆಟ್‌ವರ್ಕ್ ಪೋರ್ಟಿನ ದೀಪ ಉರಿಯುತ್ತಲೇ ಇರುವುದು ಇಂಥ ಕಡೆ ಅಪರೂಪವೇನಲ್ಲ. ಕೆಲಸದ ಒತ್ತಡದಲ್ಲಿ ಯಾರಾದರೂ ಹೋಗಿ ರೀಸ್ಟಾರ್ಟ್ ಮಾಡುತ್ತಾರೆ, ಎಲ್ಲವೂ ಸರಿಹೋಗುತ್ತದೆ, ಮರುದಿನ ಮತ್ತೆ ಅದೇ ಪಾಡು. ಅವಸರದ ರೀಸ್ಟಾರ್ಟಿನಿಂದ ಆಗುವ ದೊಡ್ಡ ನಷ್ಟವೆಂದರೆ, ದೋಷ ಎಲ್ಲಿದೆ ಎಂದು ಹೇಳಬಲ್ಲ ಲೆಕ್ಕಗಳೆಲ್ಲ ಆ ಕ್ಷಣವೇ ಸೊನ್ನೆಗೆ ಮರಳುತ್ತವೆ.

ಈ ಲೆಕ್ಕಗಳು ಏನನ್ನು ಹೇಳುತ್ತವೆ ಎಂದು ತಿಳಿಯಬೇಕಾದರೆ ಸರ್ವರಿನ ನೆಟ್‌ವರ್ಕ್ ಕಾರ್ಡು ಮತ್ತು ಅದನ್ನು ನಡೆಸುವ ತಂತ್ರಾಂಶವಾದ ಡ್ರೈವರುಗಳ ನಡುವಿನ ವ್ಯವಹಾರ ಗೊತ್ತಿರಬೇಕು. ಗಿಗಾಬಿಟ್ ವೇಗದಲ್ಲಿ ಪೂರ್ಣ ಗಾತ್ರದ ಫ್ರೇಮುಗಳು, ಅಂದರೆ ನೆಟ್‌ವರ್ಕಿನಲ್ಲಿ ಸಾಗುವ ಮಾಹಿತಿಯ ಪೊಟ್ಟಣಗಳು, ಸೆಕೆಂಡಿಗೆ ಸುಮಾರು 81,000 ಬರಬಲ್ಲವು. ಪ್ರತಿಯೊಂದನ್ನೂ ಪ್ರೊಸೆಸರ್ ತಾನೇ ಎತ್ತಿಕೊಳ್ಳುತ್ತ ಕೂರಲಾರದು. ಆದ್ದರಿಂದ ಡ್ರೈವರ್ ಮೆಮೊರಿಯಲ್ಲಿ ಬಳೆಯಾಕಾರದ ಒಂದು ಸಾಲನ್ನು ಮಾಡಿಟ್ಟು, ಖಾಲಿ ಜಾಗಗಳ ವಿಳಾಸಗಳನ್ನು ಕಾರ್ಡಿಗೆ ಕೊಡುತ್ತದೆ. ಕಾರ್ಡು ಬಂದ ಫ್ರೇಮನ್ನು ನೇರವಾಗಿ ಅಲ್ಲಿ ಬರೆದು, ಇಂಟರಪ್ಟ್ ಎಂಬ ಸಂಕೇತದ ಮೂಲಕ ಪ್ರೊಸೆಸರನ್ನು ಎಚ್ಚರಿಸುತ್ತದೆ. ಮಂಡ್ಯದ ಸಕ್ಕರೆ ಕಾರ್ಖಾನೆಯ ಅಂಗಳದಲ್ಲಿ ಕಬ್ಬು ಇಳಿಸಿದ ಗಾಡಿಗಳು ಖಾಲಿಯಾಗಿ ಗದ್ದೆಗೆ ಮರಳಿದರಷ್ಟೇ ಮುಂದಿನ ಕಬ್ಬು ಬರುವಂತೆ, ಡ್ರೈವರ್ ಬರಿದು ಮಾಡಿ ಹಿಂದಿರುಗಿಸಿದ ಜಾಗಗಳಿದ್ದರಷ್ಟೇ ಕಾರ್ಡಿಗೆ ಮುಂದಿನ ಕೆಲಸ. ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂನಲ್ಲಿ ಇಂಟೆಲ್ ಗಿಗಾಬಿಟ್ ಕಾರ್ಡುಗಳ ಡ್ರೈವರಿನಲ್ಲಿ ಸಾಮಾನ್ಯವಾಗಿ ಇಂಥ ಜಾಗಗಳು 256 ಇರುತ್ತವೆ. ಪೂರ್ಣ ವೇಗದಲ್ಲಿ ಅವು ತುಂಬಲು ಬೇಕಾಗುವುದು ಮೂರು ಮಿಲಿಸೆಕೆಂಡಿಗಿಂತ ತುಸು ಹೆಚ್ಚು, ಅಷ್ಟೆ.

ಸೂಕ್ಷ್ಮವಾದ ತೊಡಕು ಇರುವುದು ಎಚ್ಚರಿಕೆಯ ವಿಷಯದಲ್ಲಿ. ದಟ್ಟಣೆ ಹೆಚ್ಚಾದಾಗ ಲಿನಕ್ಸ್ ಇಂಟರಪ್ಟನ್ನು ತಾತ್ಕಾಲಿಕವಾಗಿ ಮುಚ್ಚಿ, ತಾನೇ ಮತ್ತೆ ಮತ್ತೆ ಸಾಲನ್ನು ನೋಡಿಕೊಳ್ಳುತ್ತದೆ, ದಟ್ಟಣೆ ಇಳಿದ ಮೇಲೆ ಇಂಟರಪ್ಟನ್ನು ತೆರೆಯುತ್ತದೆ. ಕೊನೆಯ ಬಾರಿ ನೋಡಿದ್ದಕ್ಕೂ ಮತ್ತೆ ತೆರೆದದ್ದಕ್ಕೂ ನಡುವೆ ಬಂದ ಫ್ರೇಮನ್ನು ಡ್ರೈವರ್ ಗಮನಿಸದೆ ಹೋದರೆ, ಕಾರ್ಡು ತಾನು ತಿಳಿಸಿಯಾಯಿತು ಎಂದುಕೊಂಡಿರುತ್ತದೆ, ಡ್ರೈವರ್ ಇನ್ನೂ ಕರೆ ಬಂದಿಲ್ಲವೆಂದು ಕಾಯುತ್ತಿರುತ್ತದೆ. ಕಳುಹಿಸುವ ದಿಕ್ಕಿನಲ್ಲಿ ಇಂಥ ಸ್ಥಿತಿ ಉಂಟಾದರೆ ಅದನ್ನು ಹಿಡಿಯಲು ಕಾವಲು ಗಡಿಯಾರವೊಂದಿದೆ: ಸಾಮಾನ್ಯವಾಗಿ ಐದು ಸೆಕೆಂಡು ಸಾಲು ಅಲುಗದಿದ್ದರೆ ಅದು ಸರ್ವರಿನ ದಾಖಲೆಯಾದ ಲಾಗ್‌ನಲ್ಲಿ ‘ಟ್ರಾನ್ಸ್‌ಮಿಟ್ ಕ್ಯೂ ಟೈಮ್ಡ್ ಔಟ್’ ಎಂದು ಬರೆಯುತ್ತದೆ ಮತ್ತು ಕಾರ್ಡನ್ನು ರೀಸೆಟ್ ಮಾಡುವಂತೆ ಡ್ರೈವರಿಗೆ ಸೂಚಿಸುತ್ತದೆ. ಲಾಗ್‌ನ ಈ ಬರಹವನ್ನು ಕಂಡ ಕೂಡಲೇ ಕಾರ್ಡು ಕೆಟ್ಟಿದೆ ಎಂದು ತೀರ್ಮಾನಿಸುವವರು ಬಹಳ. ವಾಸ್ತವದಲ್ಲಿ ಅದು ಜ್ವರವಿದೆ ಎಂದಷ್ಟೇ ಹೇಳುತ್ತದೆ, ರೋಗದ ಹೆಸರನ್ನಲ್ಲ.

ಆದ್ದರಿಂದ ಹ್ಯಾಂಗ್ ಆದಾಗ ಸರ್ವರಿಗೆ ಮಾನಿಟರ್ ಮತ್ತು ಕೀಬೋರ್ಡ್ ಜೋಡಿಸಿಕೊಂಡು ಅದರ ಮುಂದೆಯೇ ಕೂರಬೇಕು. ಸತ್ತ ಕಾರ್ಡಿನ ಮೂಲಕ ದೂರದಿಂದ ಲಾಗಿನ್ ಆಗಲು ಬರುವುದಿಲ್ಲ. ಬೇರೆ ಕಂಪ್ಯೂಟರಿನಿಂದ ಪಿಂಗ್ ಮಾಡಿದರೆ, ಅಂದರೆ ನೆಟ್‌ವರ್ಕಿನ ಮೂಲಕ ಸರ್ವರನ್ನು ಕೂಗಿ ನೋಡಿದರೆ, ಉತ್ತರ ಬರುತ್ತಿದ್ದು ಫೈಲುಗಳು ಮಾತ್ರ ತೆರೆಯುತ್ತಿಲ್ಲವಾದರೆ ಕಾರ್ಡನ್ನು ಬಿಟ್ಟು ಹಾರ್ಡ್ ಡಿಸ್ಕ್ ಕಡೆ ತಿರುಗುವುದು ಲೇಸು. ಪಿಂಗ್ ಕೂಡ ನಿಂತಿದ್ದರೆ, ಕಾರ್ಡಿನ ಹೆಸರಿನಲ್ಲಿರುವ ಇಂಟರಪ್ಟ್ ಎಣಿಕೆಯನ್ನು ಕೆಲವು ಸೆಕೆಂಡುಗಳ ಅಂತರದಲ್ಲಿ ಎರಡು ಸಲ ನೋಡಬೇಕು, ಕಾರ್ಡಿನ ಸ್ಥಿತಿ ತೋರಿಸುವ ಎಥ್‌ಟೂಲ್ ಎಂಬ ಲಿನಕ್ಸ್ ಆದೇಶ ಕೊಡುವ ಅಂಕಿಗಳನ್ನೂ ಬರೆದುಕೊಳ್ಳಬೇಕು. ನೆಟ್‌ವರ್ಕ್ ಸ್ವಿಚ್ಚಿನಿಂದ ಫ್ರೇಮುಗಳು ಬರುತ್ತಿದ್ದರೂ ಇಂಟರಪ್ಟ್ ಎಣಿಕೆ ಏರದಿದ್ದರೆ ಕಾರ್ಡು ಅಥವಾ ಅದರ ಸಂಕೇತದ ದಾರಿ ಸಂಶಯಕ್ಕೆ ಒಳಗಾಗುತ್ತದೆ. ಜಾಗವಿಲ್ಲದೆ ಕೈಬಿಟ್ಟ ಫ್ರೇಮುಗಳ ಸಂಖ್ಯೆ ಏರುತ್ತಿದ್ದರೆ ಸಾಲನ್ನು ಬರಿದು ಮಾಡುವ ಕಡೆಯೇ ನಿಧಾನವಾಗಿದೆ ಎಂದರ್ಥ. ಸಿಆರ್‌ಸಿ ದೋಷಗಳು, ಅಂದರೆ ದಾರಿಯಲ್ಲಿ ಕೆಟ್ಟು ಬಂದ ಫ್ರೇಮುಗಳ ಎಣಿಕೆ, ಬೆಳೆಯುತ್ತಿದ್ದರೆ ಡ್ರೈವರನ್ನು ಬೈಯುವ ಮೊದಲು ಕೇಬಲ್ ಬದಲಿಸಿ ನೋಡಬೇಕು.

ಹ್ಯಾಂಗ್ ಆಗುವ ಹೊತ್ತು ಕೂಡ ಬಹಳಷ್ಟನ್ನು ಹೇಳುತ್ತದೆ. ಭಾರೀ ಕಾಪಿ ನಡೆಯುವಾಗಲೇ ಆಗುತ್ತಿದ್ದರೆ, ಪ್ರೊಸೆಸರ್ ತನ್ನ ಕೆಲಸವನ್ನು ಕಾರ್ಡಿಗೆ ವಹಿಸಿಕೊಟ್ಟಿರುವ ಸೌಲಭ್ಯಗಳನ್ನು ಮೊದಲು ಪರೀಕ್ಷಿಸಬೇಕು. ಟಿಎಸ್‌ಒ ಎಂಬ ಸೌಲಭ್ಯದಲ್ಲಿ ಆಪರೇಟಿಂಗ್ ಸಿಸ್ಟಂ 64 ಕಿಲೋಬೈಟ್‌ವರೆಗಿನ ತುಂಡನ್ನು ಇಡಿಯಾಗಿ ಒಪ್ಪಿಸುತ್ತದೆ, ಅದನ್ನು 1,460 ಬೈಟುಗಳಷ್ಟರ ಚೂರುಗಳಾಗಿ ಕತ್ತರಿಸುವ ಹೊಣೆ ಕಾರ್ಡಿನದು. ಇಂಟೆಲ್‌ನ ಇ1000ಇ ಡ್ರೈವರ್ ಬಳಸುವ ಕೆಲವು ಚಿಪ್ಪುಗಳಲ್ಲಿ ‘ಹಾರ್ಡ್‌ವೇರ್ ಯೂನಿಟ್ ಹ್ಯಾಂಗ್’ ಎಂಬ ದೂರು ಇದನ್ನು ಆಫ್ ಮಾಡಿದ ಮೇಲೆ ನಿಂತದ್ದುಂಟು. ಪ್ರೊಸೆಸರಿನ ಹೊರೆ ಸ್ವಲ್ಪ ಹೆಚ್ಚುತ್ತದೆ, ಆಲ್ಬಂ ಲ್ಯಾಬಿನ ಮಟ್ಟಿಗೆ ಅದು ಲೆಕ್ಕಕ್ಕಿಲ್ಲ. ಇದಕ್ಕೆ ವಿರುದ್ಧವಾಗಿ, ರಾತ್ರಿಯೆಲ್ಲ ಸುಮ್ಮನಿದ್ದು ಬೆಳಿಗ್ಗೆ ಮೊದಲ ಫೈಲ್ ತೆರೆಯುವಾಗ ಸಿಕ್ಕಿಹಾಕಿಕೊಳ್ಳುವ ಸರ್ವರಿನಲ್ಲಿ ವಿದ್ಯುತ್ ಉಳಿತಾಯದ ವ್ಯವಸ್ಥೆಗಳೇ ಮೊದಲ ಆರೋಪಿ. ಕಾರ್ಡನ್ನು ಕಂಪ್ಯೂಟರಿಗೆ ಜೋಡಿಸುವ ಪಿಸಿಐ ಎಕ್ಸ್‌ಪ್ರೆಸ್ ಸಂಪರ್ಕವನ್ನು ನಿದ್ರೆಗೆ ಕಳುಹಿಸುವ ಎಎಸ್‌ಪಿಎಂ ರಿಯಲ್‌ಟೆಕ್‌ನ ಹಲವು ಚಿಪ್ಪುಗಳಿಗೆ ಒಗ್ಗದ ಕಾರಣ ಲಿನಕ್ಸ್ ಡ್ರೈವರ್ ಅದನ್ನು ಅವುಗಳಲ್ಲಿ ಆಫ್ ಮಾಡಿಯೇ ಇಡುತ್ತದೆ. ಒಂದು ಬಾರಿಗೆ ಒಂದನ್ನೇ ಬದಲಿಸಬೇಕು. ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ಗುಣವಾದರೂ ಯಾವ ಮದ್ದಿನಿಂದ ಎಂಬುದು ತಿಳಿಯದು.

ಹೊತ್ತುಗೊತ್ತಿಲ್ಲದೆ ಆಗುವಂತೆ ಕಾಣುವ ಹ್ಯಾಂಗ್‌ಗೂ ನಿಖರವಾದ ಕಾರಣವಿರಬಲ್ಲದು ಎಂಬುದಕ್ಕೆ 2013ರ ಪ್ರಸಂಗವೊಂದು ಸಾಕ್ಷಿ. ಅಂತರ್ಜಾಲ ದೂರವಾಣಿ ಉಪಕರಣಗಳಲ್ಲಿದ್ದ ಇಂಟೆಲ್ 82574ಎಲ್ ಕಾರ್ಡುಗಳು ಏಕಾಏಕಿ ಸಾಯುತ್ತಿದ್ದುದನ್ನು ಬೆನ್ನುಹತ್ತಿದ ಕ್ರಿಸ್ಟಿಯನ್ ಕೀಲ್‌ಹೋಫ್ನರ್, ಫ್ರೇಮಿನ ಒಂದು ನಿರ್ದಿಷ್ಟ ಸ್ಥಾನದಲ್ಲಿ ‘2’ ಎಂಬ ಅಕ್ಷರವಿದ್ದರೆ ಕಾರ್ಡು ನಿಂತುಹೋಗುತ್ತದೆ, ಅದೇ ಸ್ಥಾನದಲ್ಲಿ ಮೊದಲೇ ‘4’ ಬಂದಿದ್ದರೆ ಆಮೇಲೆ ಆ ಕಾಟವೇ ಇರುವುದಿಲ್ಲ ಎಂದು ಕಂಡುಹಿಡಿದರು. ಮದರ್‌ಬೋರ್ಡ್ ತಯಾರಕರು ಕಾರ್ಡಿನ ಸ್ಥಾಯಿ ಮೆಮೊರಿ ಚಿಪ್ಪಾದ ಈಈಪ್ರಾಮಿಗೆ ತಪ್ಪು ಮಾಹಿತಿಯನ್ನು ತುಂಬಿದ್ದರೆಂದು ಇಂಟೆಲ್ ತಿಳಿಸಿತು. ಹಾಗೆ ನಿಂತ ಕಾರ್ಡು ಬರಿಯ ರೀಸ್ಟಾರ್ಟಿಗೆ ಜಗ್ಗುತ್ತಿರಲಿಲ್ಲ, ಅದಕ್ಕೆ ಕರೆಂಟನ್ನೇ ತಪ್ಪಿಸಬೇಕಾಗಿತ್ತು. ಸರ್ವರ್ ಆಫ್ ಆಗಿದ್ದರೂ ಸ್ಟ್ಯಾಂಡ್‌ಬೈ ವಿದ್ಯುತ್ ಕಾರ್ಡಿಗೆ ಹರಿಯುತ್ತಿರಬಹುದಾದ್ದರಿಂದ, ಇಂಥ ಅನುಮಾನವಿದ್ದಾಗ ಪವರ್ ಕೇಬಲನ್ನೇ ಕಿತ್ತು ಅರ್ಧ ನಿಮಿಷ ಬಿಡುವುದು ಅಗತ್ಯ.

ಇಷ್ಟೆಲ್ಲ ನೋಡಿದರೂ ತೊಂದರೆ ಹೋಗದಿದ್ದರೆ ಬೇರೆ ಕಂಪನಿಯ ಚಿಪ್ ಇರುವ ಕಾರ್ಡೊಂದನ್ನು ಹಾಕಿ, ಅದೇ ಕೇಬಲನ್ನು ಅದಕ್ಕೆ ಜೋಡಿಸಿ ಕೆಲಸ ನಡೆಸಬಹುದು. ಹೊಸ ಕಾರ್ಡೂ ಅದೇ ರೀತಿ ನಿಂತರೆ ಸ್ಲಾಟು, ಪವರ್ ಸಪ್ಲೈ ಮತ್ತು ಸ್ವಿಚ್ಚುಗಳನ್ನು ನೋಡಬೇಕು. ನಿಲ್ಲದಿದ್ದರೆ ಹಳೆಯ ಕಾರ್ಡಿನ ಚಿಪ್ ಸಂಖ್ಯೆ, ಡ್ರೈವರಿನ ಆವೃತ್ತಿ ಮತ್ತು ಬರೆದಿಟ್ಟುಕೊಂಡ ಅಂಕಿಗಳೊಡನೆ ಡ್ರೈವರ್ ನಿರ್ವಹಿಸುವವರಿಗೆ ವರದಿ ಕಳುಹಿಸಬೇಕು.