ಗರ್ಲ್ ಸ್ಕೌಟ್ಸ್ ಚಾರ್ಟರ್: ಹೆಸರು ಒಂದೇ, ಕಾಗದ ಎರಡು

ಅಮೆರಿಕದ ಗರ್ಲ್ ಸ್ಕೌಟ್ಸ್ ಸಂಸ್ಥೆಯ ಆಡಳಿತ ಓದುವಾಗ ಎರಡು ದಿನ ಒಂದೇ ಕಡೆ ಸಿಕ್ಕಿಹಾಕಿಕೊಂಡಿದ್ದೆ. ಮರೆತುಹೋಗುವ ಮುಂಚೆ ಬರೆದಿಡುತ್ತಿದ್ದೇನೆ.

ಹಿನ್ನೆಲೆ ಬೇಗ ಮುಗಿಸೋಣ. ಜೂಲಿಯೆಟ್ ಗಾರ್ಡನ್ ಲೋ 1912ರಲ್ಲಿ ಜಾರ್ಜಿಯಾದ ಸವಾನಾದಲ್ಲಿ ಇದನ್ನು ಶುರು ಮಾಡಿದರು. 1915ರಲ್ಲಿ ವಾಷಿಂಗ್ಟನ್ ಡಿ.ಸಿ.ಯಲ್ಲಿ ನೋಂದಣಿ ಆಯಿತು. 1950ರ ಮಾರ್ಚ್ 16ರಂದು ಕಾಂಗ್ರೆಸ್, ಅಂದರೆ ಅಲ್ಲಿನ ಸಂಸತ್ತು, ಚಾರ್ಟರ್ (ಮಾನ್ಯತೆ, ಹಕ್ಕು ಕೊಡುವ ಪತ್ರ) ಕೊಟ್ಟಿತು. ಈಗ ಅದು ಅಮೆರಿಕದ ಕಾನೂನು ಸಂಹಿತೆಯ 36ನೇ ಟೈಟಲ್, 803ನೇ ಅಧ್ಯಾಯದಲ್ಲಿದೆ.

ಈಗ ನನ್ನ ತಲೆನೋವು. ಒಂದು ಪುಟದಲ್ಲಿ ‘ಚಾರ್ಟರ್ ಕೊಡುವುದು ಕಾಂಗ್ರೆಸ್’ ಅಂತ ಓದಿದೆ. ಇನ್ನೊಂದರಲ್ಲಿ ‘ಚಾರ್ಟರ್ ಕೊಡುವುದು ರಾಷ್ಟ್ರೀಯ ಸಂಸ್ಥೆ’ ಅಂತಿತ್ತು. ಯಾರೋ ತಪ್ಪು ಬರೆದಿದ್ದಾರೆ ಅಂದುಕೊಂಡೆ. ತಪ್ಪು ಯಾರದ್ದೂ ಅಲ್ಲ. ಚಾರ್ಟರ್‌ಗಳೇ ಎರಡು!

ಮೊದಲನೆಯದು ಕಾಂಗ್ರೆಸ್ಸಿನಿಂದ ರಾಷ್ಟ್ರೀಯ ಸಂಸ್ಥೆಗೆ. ಇದು ಕಾನೂನು. ಬದಲಾಯಿಸಬೇಕಾದರೆ ಕಾಂಗ್ರೆಸ್ಸೇ ತಿದ್ದಬೇಕು. ಎರಡನೆಯದು ರಾಷ್ಟ್ರೀಯ ಸಂಸ್ಥೆಯಿಂದ ಸ್ಥಳೀಯ ಕೌನ್ಸಿಲ್‌ಗೆ. ಇದು ಹೆಚ್ಚುಕಡಿಮೆ ಕರಾರು: ಇಷ್ಟು ಪ್ರದೇಶ ನಿಮ್ಮದು, ಅಲ್ಲಿ ನಮ್ಮ ಹೆಸರಲ್ಲಿ ಕೆಲಸ ಮಾಡಿ. ಸ್ಥಳೀಯ ಕೌನ್ಸಿಲ್ ಶಾಖೆ ಅಲ್ಲ, ತನ್ನದೇ ಬೋರ್ಡ್ ಇರುವ ಬೇರೆ ಸಂಸ್ಥೆ. ಹಾಗಾದರೆ ಅದಕ್ಕೆ ಈ ಕಾಗದ ಯಾಕೆ ಬೇಕು? ಬ್ಯಾಡ್ಜ್, ಲಾಂಛನ, ಹೆಸರುಗಳ ಮೇಲಿನ ಪೂರ್ತಿ ಹಕ್ಕನ್ನು ಮೊದಲನೇ ಚಾರ್ಟರ್ ರಾಷ್ಟ್ರೀಯ ಸಂಸ್ಥೆಗೆ ಕೊಟ್ಟಿದೆ. ಅದರ ಒಪ್ಪಿಗೆ ಇಲ್ಲದೆ ಆ ಹೆಸರು ಬಳಸುವಂತಿಲ್ಲ. ಎರಡೂ ಕಾಗದ ಕೂಡಿಕೊಳ್ಳುವುದು ಈ ಜಾಗದಲ್ಲಿ.

‘ಚಾರ್ಟರ್’ ಅಂತ ಕಂಡಾಗಲೆಲ್ಲ ನಾನೀಗ ಪಕ್ಕದಲ್ಲಿ ಪೆನ್ಸಿಲ್‌ನಿಂದ ಬರೆಯುತ್ತೇನೆ: ಕೊಟ್ಟವರು ಯಾರು, ಪಡೆದವರು ಯಾರು? ಅಷ್ಟು ಮಾಡಿದರೆ ಸಾಕು.

ಎರಡನೇ ಕಾಗದ ಎಷ್ಟು ಗಟ್ಟಿ ಅನ್ನುವುದಕ್ಕೆ ಮ್ಯಾನಿಟೊ ಕೌನ್ಸಿಲ್ ಪ್ರಕರಣ ನೋಡಿ. ದೇಶದಾದ್ಯಂತ ಕೌನ್ಸಿಲ್‌ಗಳ ಸಂಖ್ಯೆ ಇಳಿಸಲು ಹೊರಟಾಗ, ವಿಸ್ಕಾನ್ಸಿನ್‌ನ ಈ ಕೌನ್ಸಿಲ್‌ನ ಪ್ರದೇಶವನ್ನು ರಾಷ್ಟ್ರೀಯ ಸಂಸ್ಥೆ ಕಿತ್ತುಕೊಳ್ಳಲು ನೋಡಿತು. ಕೌನ್ಸಿಲ್ ಕೋರ್ಟಿಗೆ ಹೋಯಿತು. 2011ರಲ್ಲಿ ಏಳನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ ಕೌನ್ಸಿಲ್ ಪರ ನಿಂತಿತು. ಡೀಲರ್‌ಗಳನ್ನು ಕಾಪಾಡಲು ಆ ರಾಜ್ಯ ಮಾಡಿದ್ದ ಕಾನೂನು ಲಾಭರಹಿತ ಸಂಸ್ಥೆಗೂ ಅನ್ವಯಿಸುತ್ತದೆ ಅಂದಿತು. ಗರ್ಲ್ ಸ್ಕೌಟ್ ಕೌನ್ಸಿಲ್ ಒಂದು ಡೀಲರ್! ಓದಿ ನಗು ಬಂತು, ಆದರೆ ವಿಷಯ ತಲೆಯಲ್ಲಿ ಕೂತಿತು.

‘ಕೌನ್ಸಿಲ್’ ಪದದ್ದೂ ಇದೇ ಕಥೆ. ‘ನ್ಯಾಷನಲ್ ಕೌನ್ಸಿಲ್’ ಅಂದರೆ ಕಚೇರಿ ಅಲ್ಲ, ಸಭೆ. ಸ್ಥಳೀಯ ಕೌನ್ಸಿಲ್‌ಗಳ ಪ್ರತಿನಿಧಿಗಳು ಮೂರು ವರ್ಷಕ್ಕೊಮ್ಮೆ ಸೇರುತ್ತಾರೆ. ಸಂಸ್ಥೆಯ ಸಂವಿಧಾನ, ಬೈಲಾ (ಒಳನಿಯಮ) ತಿದ್ದುವುದು, ಬೋರ್ಡ್ ಆರಿಸುವುದು ಇವರ ಕೆಲಸ. ಸದಸ್ಯರು ಅಮೆರಿಕದ ಪ್ರಜೆಗಳೇ ಆಗಿರಬೇಕು. ಎರಡು ಸಭೆಗಳ ನಡುವೆ ಬೋರ್ಡ್ ಸಂಸ್ಥೆ ನಡೆಸುತ್ತದೆ. ಸುದ್ದಿಯಲ್ಲಿ ಬೋರ್ಡ್ ಹೆಸರೇ ಜಾಸ್ತಿ ಕೇಳುತ್ತದೆ, ಹಾಗಂತ ಅದೇ ಮೇಲು ಅಂದುಕೊಳ್ಳಬೇಡಿ. ನ್ಯಾಷನಲ್ ಕೌನ್ಸಿಲ್‌ನ ಕೋರಂ, ಅಂದರೆ ಸಭೆಗೆ ಬೇಕಾದ ಕನಿಷ್ಠ ಹಾಜರಿ, ಒಟ್ಟು ಸದಸ್ಯರ ಅರ್ಧಕ್ಕಿಂತ ಕಡಿಮೆ ಇದ್ದರೂ ನಡೆಯುತ್ತದೆ, ಕಾನೂನೇ ಅದಕ್ಕೆ ಅವಕಾಶ ಕೊಟ್ಟಿದೆ.

ಉಳಿದದ್ದು ಸುಲಭ. ಸದಸ್ಯರಿಗೆ ಲಾಭ ಹಂಚುವಂತಿಲ್ಲ. ಪ್ರತಿ ವರ್ಷ ಏಪ್ರಿಲ್ 1ರೊಳಗೆ ಕಾಂಗ್ರೆಸ್ಸಿಗೆ ವರದಿ ಕೊಡಬೇಕು. ವರದಿ ಕೊಡುತ್ತಾರೆ ಅಂದಮಾತ್ರಕ್ಕೆ ಇದು ಸರ್ಕಾರಿ ಇಲಾಖೆ ಆಗುವುದಿಲ್ಲ, ಅಲ್ವಾ? ನಾನು ಮೊದಲ ದಿನ ಸರ್ಕಾರಿ ಇಲಾಖೆ ಅಂತಲೇ ಬರೆದುಕೊಂಡಿದ್ದೆ, ಆಮೇಲೆ ಹೊಡೆದುಹಾಕಿದೆ.