ಎಷ್ಟು ಬಗೆ ಸಿಕ್ಕವು?

ಕೊಳದ ಸರ್ವೆಗೆ ಹೋಗುವಾಗ ನನ್ನ ಹತ್ತಿರ ಜಾಸ್ತಿ ಸಾಮಾನು ಇರುವುದಿಲ್ಲ. ಉದ್ದ ಹಿಡಿಯ ಬಲೆ, ಒಂದು ಬಿಳಿ ಟ್ರೇ, ಒಂದು ಭೂತಗನ್ನಡಿ. ಜೊಂಡಿನ ಬುಡದಲ್ಲಿ ಬಲೆಯನ್ನು ನಾಲ್ಕು ಸಲ ಆಡಿಸಿ, ಬಂದದ್ದನ್ನೆಲ್ಲ ಟ್ರೇಗೆ ಸುರಿಯುತ್ತೇನೆ. ಮೊದಲು ಕಾಣುವುದು ಬರೀ ಕೆಸರು, ಕೊಳೆತ ಎಲೆ. ಅವಸರ ಮಾಡಬಾರದು. ಎರಡು ನಿಮಿಷ ಸುಮ್ನೆ ಕೂತರೆ ಕೆಸರು ತಳ ಹಿಡಿಯುತ್ತದೆ. ಆಮೇಲೆ ಕಸವೇ ನಡೆಯಲು ಶುರು ಮಾಡುತ್ತದೆ.

ಕಡ್ಡಿ ಚೂರು ಅಂದುಕೊಂಡದ್ದು ಆರು ಕಾಲು ಚಾಚುತ್ತದೆ. ಅದು ಏರೋಪ್ಲೇನ್ ಚಿಟ್ಟೆಯ ಮರಿ. ಇದರ ಕೆಳತುಟಿ ಮಡಚಿದ ಕೈಯ ಹಾಗೆ ಮುಖದ ಅಡಿಯಲ್ಲಿ ಇರುತ್ತದೆ. ಗೊದಮೊಟ್ಟೆಯೊಂದು ಹತ್ತಿರ ಬಂದರೆ ಸಾಕು, ತುಟಿ ಸಟ್ಟನೆ ಮುಂದೆ ಚಿಮ್ಮಿ ಹಿಡಿದುಬಿಡುತ್ತದೆ. ನಮ್ಮ ಕಣ್ಣಿಗೆ ಆ ಚಲನೆ ಸಿಗುವುದೇ ಇಲ್ಲ. ಮೊದಲು ಗೊದಮೊಟ್ಟೆ ಅಲ್ಲಿತ್ತು, ಈಗ ಇಲ್ಲಿದೆ, ಅಷ್ಟೇ. ಪಕ್ಕದಲ್ಲಿ ಮೇಫ್ಲೈ ಅನ್ನುವ ಕೀಟದ ಮೂರು ಬಾಲದ ಮರಿ. ಅದರ ಹೊಟ್ಟೆಯ ಎರಡೂ ಬದಿಗೆ ಗರಿಯಂಥ ಕಿವಿರುಗಳು ಪಟಪಟ ಬಡಿಯುತ್ತಿರುತ್ತವೆ.

ದಡದಲ್ಲಿ ನಿಂತವರು ಯಾವಾಗಲೂ ಕೇಳುವುದು ಒಂದೇ ಪ್ರಶ್ನೆ. "ಎಷ್ಟು ಬಗೆ ಸಿಕ್ಕವು?" ನಾನೂ ಎಷ್ಟೋ ವರ್ಷ ಅದಕ್ಕೆ ಒಂದು ಸಂಖ್ಯೆ ಹೇಳಿ ಖುಷಿಪಡುತ್ತಿದ್ದೆ.

ಒಂದು ಸಲ ಅದೇ ಸಂಖ್ಯೆ ನನಗೆ ಟೋಪಿ ಹಾಕಿತು. ಹಿಂದಿನ ವರ್ಷ 11 ಬಗೆ ಕಂಡಿದ್ದ ಕೊಳದಲ್ಲಿ 14 ಸಿಕ್ಕವು. ಮೂರು ಜಾಸ್ತಿ! ಕೊಳ ಸುಧಾರಿಸಿದೆ ಅಂತ ಬರೆದುಕೊಟ್ಟೆ. ಹೊಸದಾಗಿ ಬಂದ ಮೂರು ಯಾರು ಅಂತ ಸರಿಯಾಗಿ ಯೋಚಿಸಲಿಲ್ಲ. ಒಂದು, ಬಾಲವನ್ನೇ ಕೊಳವೆ ಮಾಡಿಕೊಂಡು ನೀರಿನ ಮೇಲಿನ ಗಾಳಿ ಎಳೆಯುವ ಹುಳ. ಇನ್ನೊಂದು, ಕೆಸರಿನಲ್ಲಿರುವ ಕೆಂಪು ಹುಳ. ಅದರ ಮೈಯಲ್ಲಿ ನಮ್ಮ ರಕ್ತದ ಹಾಗೆ ಹಿಮೋಗ್ಲೋಬಿನ್ ಇರುತ್ತದೆ, ಹಾಗಾಗಿ ಚೂರುಪಾರು ಆಮ್ಲಜನಕದಲ್ಲೂ ಕಾಲ ತಳ್ಳುತ್ತದೆ. ಮೂರನೆಯದೂ ಅದೇ ಪೈಕಿ. ಆಮ್ಲಜನಕ ಚೆನ್ನಾಗಿರುವ ನೀರೇ ಬೇಕೆನ್ನುವ ಮೇಫ್ಲೈ ಪಟ್ಟಿಯಲ್ಲಿ ಇನ್ನೂ ಇತ್ತು. ಆದರೆ ಹಿಂದಿನ ಸಲ ಟ್ರೇ ತುಂಬ ಇದ್ದದ್ದು ಈಗ ಎರಡೇ ಎರಡು. ಉಸಿರುಗಟ್ಟುತ್ತಿದ್ದ ಕೊಳಕ್ಕೆ ನಾನು ಒಳ್ಳೆ ಮಾರ್ಕ್ಸ್ ಕೊಟ್ಟಿದ್ದೆ.

ಜೀವವೈವಿಧ್ಯ ಅಂದರೆ ಬಗೆಗಳ ಲೆಕ್ಕ ಅಂತಲೇ ಎಲ್ಲರೂ ತಿಳಿದಿರುತ್ತಾರೆ. ಲೆಕ್ಕ ಬೇಕು, ಇಲ್ಲ ಅನ್ನುತ್ತಿಲ್ಲ. ಆದರೆ ಎರಡು ಕೊಳ ಇವೆ ಅಂದುಕೊಳ್ಳಿ. ಎರಡರಲ್ಲೂ 10 ಬಗೆ, 100 ಜೀವಿ. ಮೊದಲನೆಯದರಲ್ಲಿ ಪ್ರತಿ ಬಗೆಯವೂ ಹತ್ತತ್ತು. ಎರಡನೆಯದರಲ್ಲಿ ಒಂದೇ ಬಗೆಯವು 91, ಉಳಿದ ಒಂಬತ್ತು ಬಗೆಗೆ ಒಂದೊಂದೇ ಪ್ರತಿನಿಧಿ. ಕಣ್ಣು ಮುಚ್ಚಿ ಎರಡು ಜೀವಿಗಳನ್ನು ಎತ್ತಿ ನೋಡಿ. ಮೊದಲ ಕೊಳದಲ್ಲಿ ಎರಡೂ ಒಂದೇ ಬಗೆಯವಾಗಿರುವುದು ನೂರಕ್ಕೆ ಒಂಬತ್ತು ಸಲ. ಎರಡನೆಯದರಲ್ಲಿ ನೂರಕ್ಕೆ 80ಕ್ಕೂ ಜಾಸ್ತಿ ಸಲ. ಪಟ್ಟಿಯಲ್ಲಿ ಎರಡೂ ಸಮ. ನೀರಿನೊಳಗೆ ಸಮ ಅಲ್ಲವೇ ಅಲ್ಲ.

ಇದಕ್ಕಿಂತ ದೊಡ್ಡ ಪ್ರಶ್ನೆ, ಯಾರು ಏನು ಕೆಲಸ ಮಾಡುತ್ತಿದ್ದಾರೆ ಅನ್ನುವುದು. ಬ್ರಿಟನ್ನಿನ ಸಸ್ಯವಿಜ್ಞಾನಿ ಆರ್ಥರ್ ಟಾನ್ಸ್ಲಿ 1935ರಲ್ಲಿ 'ಇಕೋಸಿಸ್ಟಮ್' ಅನ್ನುವ ಪದವನ್ನು ಅಚ್ಚಿಗೆ ತಂದಾಗ ಒತ್ತಿ ಹೇಳಿದ್ದು ಇದನ್ನೇ. ಜೀವಿಗಳನ್ನು ಮಣ್ಣು, ನೀರು, ಗಾಳಿಯಿಂದ ಬಿಡಿಸಿ ನೋಡಲಾಗದು, ಎಲ್ಲ ಸೇರಿ ಒಂದೇ ವ್ಯವಸ್ಥೆ ಅಂತ. ಅದಾಗಿ ಏಳು ವರ್ಷಕ್ಕೆ ಅಮೆರಿಕದ ರೇಮಂಡ್ ಲಿಂಡೆಮನ್ ಮಿನೆಸೋಟದ ಸೀಡರ್ ಬಾಗ್ ಅನ್ನುವ ಪುಟ್ಟ ಸರೋವರದ ಲೆಕ್ಕಪುಸ್ತಕ ಬರೆದ. ಬಿಸಿಲಿನಿಂದ ಬಂದ ಶಕ್ತಿ ಪಾಚಿಗೆ ಎಷ್ಟು, ಪಾಚಿ ತಿನ್ನುವವರಿಗೆ ಎಷ್ಟು, ಅವರನ್ನು ತಿನ್ನುವವರಿಗೆ ಎಷ್ಟು ಅಂತ. ಪತ್ರಿಕೆಯವರು ಅದನ್ನು ಮೊದಲು ವಾಪಸ್ ಕಳಿಸಿದ್ದರು. ಕೊನೆಗೆ 1942ರಲ್ಲಿ ಅಚ್ಚಾಗುವ ಹೊತ್ತಿಗೆ ಲಿಂಡೆಮನ್ ತೀರಿಕೊಂಡಿದ್ದ. ವಯಸ್ಸು ಬರೀ 27.

ಈ ತಿನ್ನುವವರ ಸಾಲಿನಲ್ಲಿ ಒಂದು ಮೆಟ್ಟಿಲಿನಿಂದ ಮೇಲಿನ ಮೆಟ್ಟಿಲಿಗೆ ಸಾಮಾನ್ಯವಾಗಿ ದಾಟುವ ಶಕ್ತಿ ಹತ್ತರಲ್ಲಿ ಒಂದು ಪಾಲಿನಷ್ಟು. ಇದು ಸರಾಸರಿಯ ಮಾತು, ಜಾಗದಿಂದ ಜಾಗಕ್ಕೆ ಬದಲಾಗುತ್ತದೆ. ಉಳಿದದ್ದು ಓಡಾಟಕ್ಕೆ, ಮೈ ಶಾಖಕ್ಕೆ ಖರ್ಚಾಗುತ್ತದೆ, ಇಲ್ಲವೇ ಯಾರ ಬಾಯಿಗೂ ಸಿಗದೆ ತಳ ಸೇರುತ್ತದೆ. ನನ್ನ ಟ್ರೇಯಲ್ಲಿ ನೂರಾರು ಪುಟ್ಟ ಹುಳಗಳಿದ್ದರೂ ಏರೋಪ್ಲೇನ್ ಚಿಟ್ಟೆಯ ಮರಿಗಳು ನಾಲ್ಕೈದೇ ಇರುವುದಕ್ಕೆ ಕಾರಣ ಇದೇ. ಮಿಂಚುಳ್ಳಿ ಕೊಳಕ್ಕೆ ಒಂದೋ ಎರಡೋ. ಶಕ್ತಿ ಹೀಗೆ ಹಾದು ಹೋಗಿಬಿಡುತ್ತದೆ, ದಿನಾ ಹೊಸ ಬಿಸಿಲು ಬರಲೇಬೇಕು. ಆದರೆ ರಂಜಕ, ಸಾರಜನಕದಂಥವು ಹಾಗಲ್ಲ. ಅವು ಎಲೆಯಿಂದ ಹುಳಕ್ಕೆ, ಹುಳದಿಂದ ಮೀನಿಗೆ, ಮೀನಿನಿಂದ ಕೆಸರಿಗೆ, ಕೆಸರಿನಿಂದ ಮತ್ತೆ ಎಲೆಗೆ ಸುತ್ತುತ್ತಲೇ ಇರುತ್ತವೆ. ಹೊರಗಿನಿಂದ ಜಾಸ್ತಿ ಸುರಿದರೆ ಅದೂ ಸುತ್ತಲು ಶುರು ಮಾಡುತ್ತದೆ.

ಕೆನಡಾದಲ್ಲಿ 1973ರಲ್ಲಿ ಇದನ್ನು ಕಣ್ಣಿಗೆ ಕಾಣುವ ಹಾಗೆ ಮಾಡಿ ತೋರಿಸಿದರು. ಡೇವಿಡ್ ಶಿಂಡ್ಲರ್ ತಂಡದವರು 226ನೇ ನಂಬರಿನ ಸರೋವರದ ನಡುವೆ, ಅದು ಕಿರಿದಾಗುವ ಕಡೆ, ಒಂದು ಪರದೆ ಇಳಿಬಿಟ್ಟರು. ಎರಡೂ ಕಡೆಗೆ ಇಂಗಾಲ ಮತ್ತು ಸಾರಜನಕ ಹಾಕಿದರು. ಒಂದು ಕಡೆಗೆ ಮಾತ್ರ ರಂಜಕವನ್ನೂ ಸೇರಿಸಿದರು. ಆ ಕಡೆ ಪಾಚಿ ಹಬ್ಬಿ ಹಸಿರಾಯಿತು, ಈ ಕಡೆ ನೀರು ತಿಳಿಯಾಗಿಯೇ ಉಳಿಯಿತು. ಮೇಲಿನಿಂದ ತೆಗೆದ ಆ ಫೋಟೊ ಒಂದು ದಪ್ಪ ವರದಿಗಿಂತ ಜಾಸ್ತಿ ಕೆಲಸ ಮಾಡಿದೆ.

ನಾನು ಮಾರ್ಕ್ಸ್ ಕೊಟ್ಟ ಕೊಳದಲ್ಲಿ ಆಗುತ್ತಿದ್ದದ್ದೂ ಇದೇ. ಪಾಚಿ ಬೆಳೆಯುವುದು ಸಮಸ್ಯೆಯ ಅರ್ಧ ಅಷ್ಟೇ. ಹಗಲಲ್ಲಿ ಅದು ಆಮ್ಲಜನಕ ಬಿಡುತ್ತದೆ, ರಾತ್ರಿ ತಾನೂ ಉಸಿರಾಡುತ್ತದೆ. ಸತ್ತು ತಳ ಸೇರಿದ ಪಾಚಿಯನ್ನು ಕೊಳೆಸುವ ಬ್ಯಾಕ್ಟೀರಿಯಾಗಳೂ ಅದೇ ಆಮ್ಲಜನಕಕ್ಕೆ ಕೈ ಹಾಕುತ್ತವೆ. ರಾತ್ರಿಯಿಡೀ ಖರ್ಚು, ಜಮೆ ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಹಾಗಾಗಿ ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುವುದು ಹೆಚ್ಚಾಗಿ ಬೆಳಗಿನ ಜಾವ. ಹೊತ್ತೇರಿದ ಮೇಲೆ ಹೋದವರಿಗೆ ಎಲ್ಲ ಸರಿಯಾಗಿದೆ ಅನ್ನಿಸುತ್ತದೆ. ನಾನು ಹೋಗಿದ್ದದ್ದು ಹತ್ತೂವರೆಗೆ. ಇನ್ನೊಂದು ತೊಡಕು ಇದೆ. ತಳದಲ್ಲಿ ಆಮ್ಲಜನಕ ಮುಗಿದರೆ, ಕೆಸರು ಹಿಡಿದಿಟ್ಟುಕೊಂಡಿದ್ದ ರಂಜಕವನ್ನು ಮತ್ತೆ ನೀರಿಗೆ ಬಿಡುತ್ತದೆ. ಹೊರಗಿನ ಕೊಳಕನ್ನು ನಿಲ್ಲಿಸಿದ ಮಾರನೇ ವರ್ಷವೇ ಕೊಳ ತಿಳಿಯಾಗಲಿಲ್ಲ ಅಂತ ಜನ ಬೇಸರ ಮಾಡಿಕೊಳ್ಳುತ್ತಾರೆ. ಹಳೇ ಸಾಲ ತೀರಬೇಕಲ್ವಾ?

ಹಾಗಾದರೆ ಯಾವ ಬಗೆ ಮುಖ್ಯ, ಯಾವುದು ಅಲ್ಲ? ಮೊದಲೇ ಹೇಳುವುದು ಕಷ್ಟ. ರಾಬರ್ಟ್ ಪೇನ್ 1963ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಕಡಲ ಬಂಡೆಗಳ ಮೇಲೆ ಒಂದು ವಿಚಿತ್ರ ಕೆಲಸ ಶುರು ಮಾಡಿದ. ಒಂದು ತುಂಡು ಬಂಡೆಯ ಮೇಲಿದ್ದ ನಕ್ಷತ್ರ ಮೀನುಗಳನ್ನೆಲ್ಲ ಕಿತ್ತು ಸಮುದ್ರಕ್ಕೆ ಎಸೆಯುವುದು, ಮತ್ತೆ ಬಂದರೆ ಮತ್ತೆ ಎಸೆಯುವುದು. ಪಕ್ಕದ ತುಂಡನ್ನು ಮುಟ್ಟಲಿಲ್ಲ. ಬೇಟೆಗಾರ ಹೋದರೆ ಉಳಿದವರಿಗೆ ಸುಗ್ಗಿ ಅಂತ ನಮಗನ್ನಿಸುತ್ತದೆ. ಆದದ್ದು ಉಲ್ಟಾ. ನಕ್ಷತ್ರ ಮೀನು ತಿಂದು ಹದ್ದಿನಲ್ಲಿಟ್ಟಿದ್ದದ್ದು ಮಸಲ್ ಅನ್ನುವ ಚಿಪ್ಪಿನ ಜೀವಿಯನ್ನು. ಕೇಳುವವರಿಲ್ಲ ಅಂತಾದ ಕೂಡಲೇ ಮಸಲ್ ಬಂಡೆಯನ್ನೆಲ್ಲ ಆಕ್ರಮಿಸಿತು. 15 ಬಗೆ ಇದ್ದ ಜಾಗದಲ್ಲಿ ಎಂಟು ಉಳಿದವು. ಇಂಥ ಜೀವಿಗೆ ಪೇನ್ 1969ರಲ್ಲಿ 'ಕೀಸ್ಟೋನ್' ಅಂತ ಹೆಸರಿಟ್ಟ. ಕಮಾನಿನ ನೆತ್ತಿಯಲ್ಲಿ ಕೂರಿಸುವ ಕಲ್ಲಿನ ಹೆಸರು ಅದು. ಸಂಖ್ಯೆಯಲ್ಲಿ ಕಮ್ಮಿ, ಕೆಲಸದಲ್ಲಿ ಭಾರಿ.

ಈ ಕತೆ ಕೇಳಿದವರು ತಕ್ಷಣ, ನಮ್ಮ ಕೊಳದ ಕೀಸ್ಟೋನ್ ಯಾವುದು, ಅದನ್ನೊಂದೇ ಕಾಪಾಡೋಣ ಅನ್ನುತ್ತಾರೆ. ನನಗೆ ಈ ಅವಸರ ಹಿಡಿಸುವುದಿಲ್ಲ. ಎಲೆ ಚೂರು ಮಾಡುವ ಹುಳಗಳಲ್ಲಿ ನಾಲ್ಕು ಬಗೆ ಇದ್ದರೆ, ಮಾಮೂಲಿ ವರ್ಷದಲ್ಲಿ ಮೂರು ದಂಡ ಅನ್ನಿಸಬಹುದು. ನೀರು ಇಳಿದು ಬಿಸಿಯಾದ ವರ್ಷ ಮೊದಲಿನ ಎರಡು ಸೋಲುತ್ತವೆ, ಮೂರನೆಯದು ಕೆಲಸ ಎತ್ತಿಕೊಳ್ಳುತ್ತದೆ. 1980ರ ದಶಕದ ಕೊನೆಯಲ್ಲಿ ಬರ ಬಂದಾಗ ಅಮೆರಿಕದ ಪರಿಸರ ವಿಜ್ಞಾನಿ ಡೇವಿಡ್ ಟಿಲ್ಮನ್ ತನ್ನ ಹುಲ್ಲುಗಾವಲಿನ ಮಡಿಗಳಲ್ಲಿ ಇಂಥದ್ದನ್ನೇ ಕಂಡ. ಜಾಸ್ತಿ ಬಗೆಯ ಗಿಡಗಳಿದ್ದ ಮಡಿಗಳು ಬರಕ್ಕೆ ಅಷ್ಟಾಗಿ ಕುಗ್ಗಲಿಲ್ಲ, ಚೇತರಿಕೆಯಲ್ಲೂ ಮುಂದಿದ್ದವು. ಅಂದ ಹಾಗೆ ಆ ಮಡಿಗಳಿದ್ದದ್ದು ಸೀಡರ್ ಕ್ರೀಕ್‌ನಲ್ಲಿ. ಲಿಂಡೆಮನ್‌ನ ಸರೋವರ ಇರುವುದೂ ಅಲ್ಲೇ.

ಈಗ ನನ್ನ ಸರ್ವೆ ಫಾರಂ ಬದಲಾಗಿದೆ. ಬಗೆಯ ಹೆಸರಿನ ಪಕ್ಕದಲ್ಲಿ ಎರಡು ಕಾಲಂ ಎಳೆದಿದ್ದೇನೆ. ಎಷ್ಟು ಇವೆ, ಏನು ತಿನ್ನುತ್ತವೆ. ಎರಡನೆಯದರಲ್ಲಿ ಪಾಚಿ ಕೆರೆಯುವವರು, ಎಲೆ ಚೂರು ಮಾಡುವವರು, ನೀರು ಸೋಸಿ ತಿನ್ನುವವರು, ಬೇಟೆಗಾರರು ಅಂತ ಗುಂಪು ಮಾಡುತ್ತೇನೆ. ಒಂದು ಗುಂಪು ಖಾಲಿ ಉಳಿದರೆ ಒಟ್ಟು ಸಂಖ್ಯೆ ಎಷ್ಟೇ ಇರಲಿ, ಇನ್ನೊಂದು ಸಲ ಬಲೆ ಹಾಕುತ್ತೇನೆ. ಆಗಲೂ ಸಿಗದಿದ್ದರೆ ಮಾರನೇ ದಿನ ಆಮ್ಲಜನಕ ಅಳೆಯುವ ಮೀಟರ್ ಹಿಡಿದು, ಬೆಳಕು ಹರಿಯುವ ಮುಂಚೆಯೇ ಕೊಳದ ಹತ್ತಿರ ಹೋಗುತ್ತೇನೆ. ಆ ಹೊತ್ತಿನಲ್ಲಿ ದಡದಲ್ಲಿ ಎಷ್ಟು ಬಗೆ ಸಿಕ್ಕವು ಅಂತ ಕೇಳುವವರು ಯಾರೂ ಇರುವುದಿಲ್ಲ.