ಶಿವಮೊಗ್ಗದ ವೇದಿಕೆಯಿಂದ ಬೇಸ್ ಗಿಟಾರ್ ಇಳಿದುಹೋದ ಬಗೆ

ಫಂಕ್ ಮತ್ತು ಸೋಲ್ ಸಂಗೀತದ ಜಾಡಿನಲ್ಲಿ ಸ್ವಂತ ಕನ್ನಡ ಹಾಡು ಕಟ್ಟಬೇಕೆಂದು ಶಿವಮೊಗ್ಗದಲ್ಲಿ ಯಾರಾದರೂ ಬ್ಯಾಂಡ್ ಆರಂಭಿಸಿದರೆ, ಹಾಡುವವರಿಗೂ ಕೀಬೋರ್ಡ್ ನುಡಿಸುವವರಿಗೂ ಬರವಿರುವುದಿಲ್ಲ. ತಗ್ಗು ಸ್ಥಾಯಿಯ ನಾದ ಹೊರಡಿಸುವ ಬೇಸ್ ಗಿಟಾರ್‌ನ ವಾದಕರನ್ನು ಮಾತ್ರ ಹುಡುಕಿಕೊಂಡು ಹೋಗಬೇಕಾಗುತ್ತದೆ. ಒಂದು ಕಾಲಕ್ಕೆ ಊರೂರಿನ ಆರ್ಕೆಸ್ಟ್ರಾಗಳಲ್ಲಿ ಕಾಣುತ್ತಿದ್ದ ಈ ವಾದ್ಯ ಅಪರೂಪವಾದದ್ದು ಒಂದೇ ದಿನದಲ್ಲಿ ಅಲ್ಲ.

ಅಮೆರಿಕದ ಕಪ್ಪು ಜನರ ಚರ್ಚ್ ಹಾಡುಗಾರಿಕೆ ಅವರದೇ ರಿದಂ ಅಂಡ್ ಬ್ಲೂಸ್ ಎಂಬ ಜನಪ್ರಿಯ ಶೈಲಿಯ ಜೊತೆ ಬೆರೆತು 1950ರ ದಶಕದಲ್ಲಿ ಸೋಲ್ ಹುಟ್ಟಿತು. 1960ರ ದಶಕದ ನಡುವಿನಲ್ಲಿ ಗಾಯಕ ಜೇಮ್ಸ್ ಬ್ರೌನ್ ಅದರ ಭಾರವನ್ನು ಸ್ವರದಿಂದ ಲಯಕ್ಕೆ ಸರಿಸಿದಾಗ ಫಂಕ್ ರೂಪುಗೊಂಡಿತು. ನಾಲ್ಕು ಎಣಿಕೆಯ ಆವರ್ತದ ಮೊದಲ ಪೆಟ್ಟಿಗೆ ಇಡೀ ತಂಡ ಒಟ್ಟಾಗಿ ಬಂದು ಬೀಳುವುದು, ಉಳಿದ ಅವಧಿಯಲ್ಲಿ ಗಿಟಾರ್, ಡ್ರಮ್ಸ್, ಟ್ರಂಪೆಟ್, ಸ್ಯಾಕ್ಸೋಫೋನ್‌ಗಳು ಒಂದರ ಸಂದಿಯಲ್ಲಿ ಇನ್ನೊಂದು ತುಣುಕು ತುಣುಕಾಗಿ ನುಡಿಯುವುದು ಇದರ ಮರ್ಮ. ಇವನ್ನೆಲ್ಲ ಕಟ್ಟಿಹಿಡಿಯುವ ದಾರವೇ ಬೇಸ್. ಸಮಕ್ಕೆ, ಅಂದರೆ ಆವರ್ತದ ಆ ಮೊದಲ ಪೆಟ್ಟಿಗೆ, ಬಂದು ಸೇರುವ ಸುಖ ಡೊಳ್ಳಿನ ಪೆಟ್ಟು ಕೇಳಿ ಬೆಳೆದ ಸಾಗರ, ಸೊರಬದ ಕಿವಿಗಳಿಗೆ ಹೊಸದೇನಲ್ಲ. ಸೋಲ್‌ನಲ್ಲಿ ಮುಖ್ಯ ಗಾಯಕರ ಸಾಲಿಗೆ ಹಿಮ್ಮೇಳ ಓಗೊಡುವ ಕ್ರಮವೂ ದೀಪಾವಳಿಯಲ್ಲಿ ಮನೆಮನೆಗೆ ಬರುವ ಅಂಟಿಗೆ-ಪಂಟಿಗೆಯವರ ಹಾಡಿನಿಂದ ತೀರಾ ದೂರದ್ದಲ್ಲ.

ಆದರೂ ಈ ಲಯ ಮಲೆನಾಡಿಗೆ ಬಂದದ್ದು ಅಮೆರಿಕದ ಗ್ರಾಮಫೋನ್ ತಟ್ಟೆಗಳ ಮೂಲಕಕ್ಕಿಂತ ಹೆಚ್ಚಾಗಿ ಸಿನಿಮಾ ಹಾಡುಗಳ ಮೂಲಕ. 1970ರ ದಶಕದಲ್ಲಿ ಹಿಂದಿಯಲ್ಲಿ ಆರ್.ಡಿ. ಬರ್ಮನ್, ನಂತರ ದಕ್ಷಿಣದಲ್ಲಿ ಇಳಯರಾಜ ಬೇಸ್ ಗಿಟಾರ್‌ಗೆ ಹಾಡಿನೊಳಗೆ ಸ್ವತಂತ್ರ ದನಿ ಕೊಟ್ಟರು. ಶಂಕರ್‌ನಾಗ್ ನಿರ್ದೇಶಿಸಿ ನಟಿಸಿದ 1981ರ 'ಗೀತಾ' ಚಿತ್ರಕ್ಕೆ ಇಳಯರಾಜ ಕಟ್ಟಿದ ಹಾಡುಗಳನ್ನು ನುಡಿಸದ ಆರ್ಕೆಸ್ಟ್ರಾವನ್ನು ಆಗ ಯಾರೂ ಆರ್ಕೆಸ್ಟ್ರಾ ಎಂದು ಒಪ್ಪುತ್ತಿರಲಿಲ್ಲ ಎಂದರೆ ಅತಿಶಯೋಕ್ತಿಯೇನೂ ಅಲ್ಲ. ಗಣಪತಿ ಪೆಂಡಾಲು, ರಾಜ್ಯೋತ್ಸವ, ಜಾತ್ರೆಗಳ ರಸಮಂಜರಿಯಲ್ಲಿ ನುಡಿಸುತ್ತಿದ್ದವರು ಕ್ಯಾಸೆಟ್ಟನ್ನು ಹಿಂದೆ ಮುಂದೆ ಓಡಿಸಿ ಕಿವಿಯಿಂದಲೇ ಪಾಠ ಮಾಡಿಕೊಂಡರು. ಫಂಕ್ ಎಂಬ ಹೆಸರನ್ನೇ ಕೇಳದ ಜನ ಅದರ ಲಯಕ್ಕೆ ಕುಣಿದರು.

ರೋಲ್ಯಾಂಡ್ ಕಂಪನಿಯ ಆಕ್ಟೋಪ್ಯಾಡ್ ಎಂಬ ಎಲೆಕ್ಟ್ರಾನಿಕ್ ತಾಳವಾದ್ಯ 1985ರಲ್ಲಿ ಮಾರುಕಟ್ಟೆಗೆ ಬಂತು. ಡ್ರಮ್ಸ್, ಕೊಂಗೊ, ಢೋಲಕ್ ಎಲ್ಲದರ ಸದ್ದನ್ನೂ ಒಬ್ಬರೇ ಎರಡು ಕೋಲಿನಲ್ಲಿ ಹೊರಡಿಸಬಹುದಾದ ಮೇಲೆ, ಬೇಸ್ ಕೂಡ ಕೀಬೋರ್ಡ್ ವಾದಕರ ಎಡಗೈಗೆ ವರ್ಗವಾಯಿತು; ಮುಂದೆ ಮೊದಲೇ ಮುದ್ರಿಸಿದ ವಾದ್ಯಸಂಗೀತದ ಟ್ರ್ಯಾಕ್ ಹಾಕಿ ಹಾಡುವ ಪದ್ಧತಿ ಬಂದಾಗ ಆ ಎಡಗೈಗೂ ಬಿಡುವು ಸಿಕ್ಕಿತು. ಇದನ್ನು ಕಲಾವಿದರ ಸೋಮಾರಿತನ ಎಂದು ಜರೆಯುವುದು ಸರಿಯಲ್ಲ. ಸಂಘಟಕರು ಕೊಡುವ ಮೊತ್ತವನ್ನು ಹತ್ತು ಜನ ಹಂಚಿಕೊಳ್ಳುವುದಕ್ಕೂ ನಾಲ್ವರು ಹಂಚಿಕೊಳ್ಳುವುದಕ್ಕೂ ಇರುವ ಅಂತರ, ತೀರ್ಥಹಳ್ಳಿಯಲ್ಲಿ ಕಾರ್ಯಕ್ರಮ ಮುಗಿಸಿ ನಡುರಾತ್ರಿ ಶಿವಮೊಗ್ಗಕ್ಕೆ ಮರಳುವವರಿಗೆ ಚೆನ್ನಾಗಿ ಗೊತ್ತು. ಸ್ಯಾಕ್ಸೋಫೋನ್ ಮಾತ್ರ ಬೇರೆ ದಾರಿಯಲ್ಲಿ ಉಳಿದುಕೊಂಡಿತು: ಕದ್ರಿ ಗೋಪಾಲನಾಥರು ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದ ಮೇಲೆ ಕರಾವಳಿಯ ಮದುವೆ ವಾಲಗದಲ್ಲೂ ಅದು ನೆಲೆ ಕಂಡುಕೊಂಡಿತು. ಫಂಕ್ ಬ್ಯಾಂಡ್ ಕಟ್ಟುವವರು ಸ್ಯಾಕ್ಸೋಫೋನ್‌ಗಾಗಿ ಬೆಂಗಳೂರಿನ ಕಡೆ ನೋಡುವ ಮೊದಲು ಘಟ್ಟದ ಕೆಳಗಿನ ಈ ವಾದಕರನ್ನು ಕೇಳಿನೋಡಬಹುದು.

ವಾದಕರು ಸಿಕ್ಕರೂ ರಾತ್ರಿ ಸಿಗಬೇಕಲ್ಲ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಸಾಂಸ್ಕೃತಿಕ ಮತ್ತು ಧಾರ್ಮಿಕ ಉತ್ಸವಗಳಿಗಾಗಿ ವರ್ಷದಲ್ಲಿ ಹೆಚ್ಚೆಂದರೆ 15 ದಿನ ಮಧ್ಯರಾತ್ರಿಯವರೆಗೆ ಸಡಿಲಿಕೆ ಕೊಡಲು ರಾಜ್ಯ ಸರ್ಕಾರಕ್ಕೆ ಅವಕಾಶವಿದೆ. ವಸತಿ ಪ್ರದೇಶದ ಮಿತಿ ಹಗಲಿನಲ್ಲಿ 55 ಡೆಸಿಬೆಲ್, ರಾತ್ರಿ 45. ತಗ್ಗು ಸ್ಥಾಯಿಯ ನಾದ ಗೋಡೆಗಳನ್ನು ಸುಲಭವಾಗಿ ದಾಟುವುದರಿಂದ ನೆರೆಯವರ ನಿದ್ದೆಗೆ ಮೊದಲು ತಟ್ಟುವುದೂ ಬೇಸ್ ಸದ್ದೇ. ಅವರ ದೂರಿನಲ್ಲಿ ತಪ್ಪು ಹುಡುಕಲಾಗದು. ಇನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಬಯಲು ವೇದಿಕೆಯನ್ನು ತಾನೇ ಮುಚ್ಚಿಸುತ್ತದೆ. ಗಣಪತಿ ಹಬ್ಬವೂ ಆ ಮಳೆಯ ಬಾಲದಲ್ಲೇ ಬರುವುದರಿಂದ ಆಂಪ್ಲಿಫೈಯರ್‌ಗಳಿಗೆ ಪ್ಲಾಸ್ಟಿಕ್ ಹೊದಿಸಿಯೇ ಕಾರ್ಯಕ್ರಮ ನಡೆಸಬೇಕಾಗುತ್ತದೆ.

ಕುವೆಂಪು ರಂಗಮಂದಿರದಂಥ ಒಳಾಂಗಣದಲ್ಲಿ ಮಳೆಯ ಭಯವಿಲ್ಲ, ಆದರೆ ಅಲ್ಲಿ ಪ್ರೇಕ್ಷಕರು ಕುರ್ಚಿಯಲ್ಲಿ ಕುಳಿತಿರುತ್ತಾರೆ. ಫಂಕ್ ಎದ್ದು ನಿಂತವರನ್ನು ಬಯಸುವ ಸಂಗೀತ. ಬಯಲಿನಲ್ಲಿ ಜನ ಎದ್ದು ನಿಲ್ಲುತ್ತಾರೆ, ಆದರೆ ಆರಕ್ಕೆಂದು ಅಚ್ಚಾದ ಕಾರ್ಯಕ್ರಮ ಏಳಕ್ಕೆ ಆರಂಭವಾಗಿ, ಉದ್ಘಾಟನೆ, ಭಾಷಣ, ಸನ್ಮಾನದ ಶಾಲುಗಳೆಲ್ಲ ಮುಗಿದು ಬ್ಯಾಂಡಿನ ಸರದಿ ಬರುವಾಗ ಗಂಟೆ ಒಂಬತ್ತು ದಾಟಿರುತ್ತದೆ, ಸೌಂಡ್ ಚೆಕ್ ಇನ್ನೂ ಬಾಕಿ ಇರುತ್ತದೆ.